ಬಾತ್ ಬಾಂಬ್ ಉಬ್ಬಿತೇ, ಬಿರಿಯಿತೇ, ಪುಡಿಯಾಯಿತೇ?

ಸ್ನಾನದ ನೀರಿಗೆ ಹಾಕಿದರೆ ಬುಸುಗುಡುತ್ತ ಕರಗುವ ಉಂಡೆಯೇ ಬಾತ್ ಬಾಂಬ್. ಅದಕ್ಕೆ ಬೇಕಾದ ಮುಖ್ಯ ಸಾಮಗ್ರಿ ಎರಡೇ: ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ. ದಿನಸಿ ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಎರಡನೆಯದನ್ನು ನಿಂಬೆ ಉಪ್ಪು ಎಂದು ಕೇಳುವವರೂ ಇದ್ದಾರೆ. ಪುಡಿಗಳನ್ನು ಬೆರೆಸುವುದು, ಅಚ್ಚಿಗೆ ಒತ್ತುವುದು, ಒಣಗಿಸುವುದು, ನೋಡುವುದಕ್ಕೆ ಇಷ್ಟೇ ಕೆಲಸ. ಮಾಡಲು ಕೂತಾಗ ಮಾತ್ರ ಉಂಡೆ ಒಂದಲ್ಲ ಒಂದು ರಗಳೆ ತೆಗೆಯುತ್ತದೆ. ಅಚ್ಚಿನಿಂದ ಬಿಡಿಸುವಾಗ ಎರಡು ಹೋಳಾಗುತ್ತದೆ. ರಾತ್ರಿ ನುಣ್ಣಗಿದ್ದದ್ದು ಬೆಳಗಾಗುವುದರೊಳಗೆ ಮೈತುಂಬ ಗುಳ್ಳೆ ಎಬ್ಬಿಸಿಕೊಂಡಿರುತ್ತದೆ. ಕೈಯಲ್ಲಿ ಹಿಡಿದರೆ ಪುಡಿ ಉದುರುತ್ತದೆ. ಎಲ್ಲವೂ ಸರಿಯಾಯಿತು ಅಂದುಕೊಂಡು ನೀರಿಗೆ ಬಿಟ್ಟರೆ ಸದ್ದಿಲ್ಲದೆ ತಳ ಸೇರುತ್ತದೆ.

ಹೊರನೋಟಕ್ಕೆ ಇವೆಲ್ಲ ಬೇರೆ ಬೇರೆ ದೋಷಗಳು. ಹೆಚ್ಚಿನವುಗಳ ಬೇರು ಮಾತ್ರ ಒಂದೇ ಕಡೆ ಇದೆ: ನೀರು. ಎಷ್ಟು ನೀರು ಸೇರಿತು, ಎಲ್ಲಿಂದ ಸೇರಿತು, ಯಾವ ಹಂತದಲ್ಲಿ ಸೇರಿತು ಎಂದು ಹುಡುಕುತ್ತ ಹೋದರೆ ಹೊಸ ಹೊಸ ಪಾಕವಿಧಾನಗಳ ಬೆನ್ನು ಹತ್ತುವ ಅಗತ್ಯ ಬೀಳುವುದಿಲ್ಲ.

ಒಳಗೆ ನಡೆಯುವುದೇನು?

ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಮೋ ಕಾನ್‌ಸ್ಟಂಟೀನ್ ಎಂಬವರು 1989ರಲ್ಲಿ ತಮ್ಮ ಹಿತ್ತಲಿನ ಶೆಡ್ಡಿನಲ್ಲಿ ಬಾತ್ ಬಾಂಬ್ ಮಾಡಿದರು. ಮುಂದೆ ಲಶ್ ಎಂಬ ಸೌಂದರ್ಯಸಾಧನ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಅವರಿಗೆ ಈ ಯೋಚನೆ ಹೊಳೆದದ್ದು ನೀರಿಗೆ ಹಾಕಿದರೆ ಬುಸುಗುಡುವ ಆಲ್ಕಾ ಸೆಲ್ಟ್ಜರ್ ಮಾತ್ರೆಯಿಂದ. ನಮ್ಮಲ್ಲಿ ಹುಳಿತೇಗಿಗೆ ಕುಡಿಯುವ, ದಿಢೀರ್ ಇಡ್ಲಿ ಹಿಟ್ಟಿಗೆ ಬೆರೆಸುವ ಈನೋ ಪುಡಿಯದ್ದೂ ಇದೇ ವಿದ್ಯೆ.

ಅಡುಗೆ ಸೋಡಾ ಕ್ಷಾರ, ಸಿಟ್ರಿಕ್ ಆಮ್ಲ ಹುಳಿ. ಒಣಗಿದ್ದಷ್ಟು ಹೊತ್ತು ಎರಡೂ ಪಕ್ಕಪಕ್ಕದಲ್ಲೇ ತೆಪ್ಪಗಿರುತ್ತವೆ. ನೀರು ತಾಗಿದ ಕೂಡಲೇ ಕರಗಿ, ಒಂದನ್ನೊಂದು ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ನಾವು ನೋಡುವ ನೊರೆ, ಕೇಳುವ ಬುಸುಬುಸು ಅದರದೇ. ಹಿಂದೆ ಉಳಿಯುವುದು ಸೋಡಿಯಂ ಸಿಟ್ರೇಟ್ ಎಂಬ ಲವಣ ಮತ್ತು ನೀರು.

ಈ ಕೊನೆಯ ಪದಾರ್ಥವೇ ಎಲ್ಲ ತರಲೆಯ ಮೂಲ. ಕ್ರಿಯೆ ಶುರುವಾಗಲು ನೀರು ಬೇಕು. ಕ್ರಿಯೆ ನಡೆದಂತೆ ಹೊಸ ನೀರು ಹುಟ್ಟುತ್ತದೆ. ಆ ನೀರು ಪಕ್ಕದ ಪುಡಿಯನ್ನು ಎಬ್ಬಿಸುತ್ತದೆ. 100 ಗ್ರಾಂ ಸಿಟ್ರಿಕ್ ಆಮ್ಲ ಪೂರ್ತಿ ಖರ್ಚಾದರೆ ಸುಮಾರು 37 ಲೀಟರ್ ಅನಿಲದ ಜೊತೆ 28 ಮಿಲಿಲೀಟರ್ ನೀರೂ ಹೊರಬರುತ್ತದೆ. ಕಲಸುವಾಗ ಒಂದು ಚಮಚ ನೀರು ಹೆಚ್ಚಾದರೆ ಅದು ಒಂದು ಚಮಚಕ್ಕೆ ನಿಲ್ಲದಿರುವುದು ಇದಕ್ಕೇ. ಈನೋ ಪುಡಿಯನ್ನು ಕಾಗದದಲ್ಲಿ ಕಟ್ಟದೆ ಗಾಳಿಯಾಡದ ಪೊಟ್ಟಣದಲ್ಲಿ ಮುಚ್ಚಿ ಮಾರುವುದೂ ಇದೇ ಕಾರಣಕ್ಕೆ.

ಈ ಕ್ರಿಯೆ ಸುತ್ತಲಿನ ಶಾಖವನ್ನು ಹೀರುತ್ತದೆ ಎಂಬುದೂ ನೆನಪಿರಲಿ. ಕಲಸುತ್ತಿರುವ ಮಿಶ್ರಣ ಇದ್ದಕ್ಕಿದ್ದಂತೆ ತಣ್ಣಗಾಗಿ, ಪಾತ್ರೆಯಲ್ಲಿ ಸ್ವಲ್ಪ ಹಿಗ್ಗಿದಂತೆ ಕಂಡರೆ ಸೋಡಾ, ಆಮ್ಲ ಎರಡೂ ಆಗಲೇ ಕೆಲಸ ಶುರು ಮಾಡಿವೆ ಎಂದು ತಿಳಿಯಬಹುದು.

ಕೊಳ್ಳುವಾಗಲೇ ಆಗುವ ಎಡವಟ್ಟು

ಮೊದಲು ಸೋಡಾ. ಬೇಕಾದದ್ದು ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಬೇರೆಯದೇ ವಸ್ತು. ಅದರ ಕ್ಷಾರ ಬಹಳ ತೀಕ್ಷ್ಣ, ಚರ್ಮಕ್ಕೆ ಸಲ್ಲದು. ಬೇಕಿಂಗ್ ಪೌಡರ್ ಕೂಡ ಬೇಡ. ಅದರಲ್ಲಿ ಸೋಡಾದ ಜೊತೆಗೆ ಬೇರೊಂದು ಹುಳಿ ಪದಾರ್ಥ ಮತ್ತು ಪಿಷ್ಟ ಮೊದಲೇ ಸೇರಿರುವುದರಿಂದ ನಮ್ಮ ಅಳತೆಯ ಲೆಕ್ಕವೆಲ್ಲ ತಪ್ಪುತ್ತದೆ.

ಸಿಟ್ರಿಕ್ ಆಮ್ಲದಲ್ಲಿ ಎರಡು ಬಗೆ. ಒಂದು ಪೂರ್ತಿ ಒಣಗಿದ್ದು. ಇನ್ನೊಂದರ ಹರಳಿನೊಳಗೇ ನೀರು ಸೇರಿಕೊಂಡಿರುತ್ತದೆ, ತೂಕದಲ್ಲಿ ಸುಮಾರು ಶೇ 8.6ರಷ್ಟು. ಪೊಟ್ಟಣದ ಮೇಲೆ ‘ಅನ್‌ಹೈಡ್ರಸ್’ ಎಂದಿದ್ದರೆ ಒಣಗಿದ್ದು, ‘ಮಾನೋಹೈಡ್ರೇಟ್’ ಎಂದಿದ್ದರೆ ನೀರು ಸೇರಿದ್ದು. ಬಾತ್ ಬಾಂಬ್‌ಗೆ ಮೊದಲನೆಯದು ಒಳ್ಳೆಯದು. ಬಿಡಿಯಾಗಿ ಕೊಂಡದ್ದರಲ್ಲಿ ಯಾವುದೆಂದು ಗೊತ್ತಾಗುವುದಿಲ್ಲ. ಹರಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದರೆ ಆಗಲೇ ತೇವ ಎಳೆದುಕೊಂಡಿದೆ ಎಂದರ್ಥ, ಅಂಥದ್ದನ್ನು ಬಿಟ್ಟುಬಿಡಿ. ಹರಳು ಸಕ್ಕರೆ ಗಾತ್ರದ್ದಾಗಿದ್ದರೆ ಒಣಗಿದ ಮಿಕ್ಸಿ ಜಾರಿನಲ್ಲಿ ಒಂದು ಸುತ್ತು ತಿರುಗಿಸಿ. ಮುಚ್ಚಳ ತೆಗೆಯುವ ಮೊದಲು ಧೂಳು ಕೂರಲು ಬಿಡಬೇಕು, ಇಲ್ಲವಾದರೆ ಮೂಗು, ಗಂಟಲು ಉರಿಯುತ್ತದೆ.

ಸಿಟ್ರಿಕ್ ಆಮ್ಲ ಸಿಗಲಿಲ್ಲವೆಂದು ನಿಂಬೆರಸ ಹಿಂಡಿದರೆ ಕೆಲಸ ಕೆಟ್ಟಿತು. ನಿಂಬೆರಸದ ಬಹುಪಾಲು ನೀರೇ ಆದ್ದರಿಂದ ಪಾತ್ರೆಯಲ್ಲೇ ಎಲ್ಲ ಉಕ್ಕಿ ತಣ್ಣಗಾಗುತ್ತದೆ. ವಿನೆಗರ್ ಹಾಕಿದರೂ ಕಥೆ ಅಷ್ಟೇ.

ಮೆಕ್ಕೆಜೋಳದ ಪಿಷ್ಟವನ್ನು ನಮ್ಮ ಅಂಗಡಿಗಳಲ್ಲಿ ಕಾರ್ನ್‌ಫ್ಲೋರ್ ಎಂದು ಮಾರುತ್ತಾರೆ. ಅದು ಕ್ರಿಯೆಯ ಓಟಕ್ಕೆ ಕಡಿವಾಣ ಹಾಕುತ್ತದೆ: ನೊರೆ ಒಮ್ಮೆಗೇ ಮುಗಿಯದೆ ಸ್ವಲ್ಪ ಹೊತ್ತು ಬರುತ್ತದೆ, ಮೈ ನುಣುಪಾಗುತ್ತದೆ. ಉಂಡೆ ಗಟ್ಟಿಯಾಗಬೇಕೆಂದರೆ ಕಾವೊಲಿನ್ ಎಂಬ ಬಿಳಿ ಜೇಡಿಮಣ್ಣನ್ನು ಒಂದೆರಡು ಚಮಚ ಹಾಕಬಹುದು.

ಕೆಲವರು ಮಿಶ್ರಣಕ್ಕೆ ಸೇರಿಸುವ ಎಪ್ಸಮ್ ಉಪ್ಪಿನ ವಿಷಯದಲ್ಲಿ ಹುಷಾರಾಗಿರಬೇಕು. ಕೈಗೆ ಒಣಗಿದಂತೆ ಕಾಣುವ ಈ ಹರಳಿನ ತೂಕದಲ್ಲಿ ಅರ್ಧದಷ್ಟು ನೀರು. ಎಲ್ಲ ಸರಿಮಾಡಿದರೂ ಗುಳ್ಳೆ ಏಳುತ್ತಿದ್ದರೆ ಒಮ್ಮೆ ಎಪ್ಸಮ್ ಉಪ್ಪು ಬಿಟ್ಟು ಮಾಡಿ ನೋಡಿ. ಎಷ್ಟೋ ಸಲ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಲೆಕ್ಕ ಮತ್ತು ಹದ

ರಸಾಯನಶಾಸ್ತ್ರದ ಲೆಕ್ಕದಲ್ಲಿ 100 ಗ್ರಾಂ ಒಣ ಸಿಟ್ರಿಕ್ ಆಮ್ಲಕ್ಕೆ ಬೇಕಾದ ಸೋಡಾ ಸುಮಾರು 131 ಗ್ರಾಂ. ರೂಢಿಯಲ್ಲಿರುವ ಅಳತೆ ಮಾತ್ರ ಎರಡು ಪಾಲು ಸೋಡಾಕ್ಕೆ ಒಂದು ಪಾಲು ಆಮ್ಲ. ಹೆಚ್ಚಿನ ಸೋಡಾ ಕ್ರಿಯೆಯಲ್ಲಿ ಭಾಗವಹಿಸದೆ ನೀರಿನಲ್ಲೇ ಉಳಿಯುತ್ತದೆ, ನೀರು ಹುಳಿಯಾಗದಂತೆ ನೋಡಿಕೊಳ್ಳುತ್ತದೆ. ನೊರೆ ಜೋರಾಗಲಿ ಎಂದು ಆಮ್ಲವನ್ನು ಸೋಡಾದಷ್ಟೇ ಹಾಕಿದರೆ ಆಮ್ಲವೇ ಮಿಕ್ಕುತ್ತದೆ. ಅಂಥ ನೀರು ಸೂಕ್ಷ್ಮ ಚರ್ಮಕ್ಕೆ ಚುರುಗುಟ್ಟಬಹುದು. ಮಿಶ್ರಣವೂ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ.

ಶುರು ಮಾಡುವವರಿಗೆ ಒಂದು ಅಳತೆ: ಅಡುಗೆ ಸೋಡಾ 200 ಗ್ರಾಂ, ಸಿಟ್ರಿಕ್ ಆಮ್ಲ 100 ಗ್ರಾಂ, ಕಾರ್ನ್‌ಫ್ಲೋರ್ 50 ಗ್ರಾಂ, ಕೊಬ್ಬರಿ ಎಣ್ಣೆ 12ರಿಂದ 15 ಗ್ರಾಂ. ಆರು ಸೆಂಟಿಮೀಟರ್ ಅಡ್ಡಳತೆಯ ಮೂರು ಉಂಡೆಗೆ ಇದು ಸಾಕು. ಲೋಟ, ಚಮಚದ ಅಳತೆ ಬೇಡ, ತೂಕವೇ ಇರಲಿ. ಒಂದೇ ಲೋಟದಲ್ಲಿ ಜರಡಿ ಹಿಡಿದ ಪುಡಿಯ ತೂಕ ಬೇರೆ, ಒತ್ತಿ ತುಂಬಿದ ಪುಡಿಯ ತೂಕ ಬೇರೆ.

ಸೋಡಾ, ಕಾರ್ನ್‌ಫ್ಲೋರ್, ಒಣ ಬಣ್ಣ ಮೂರನ್ನೂ ಒಟ್ಟಿಗೆ ಜರಡಿ ಹಿಡಿಯಿರಿ. ಎಣ್ಣೆ ಹಾಕಿ ಎರಡೂ ಅಂಗೈ ನಡುವೆ ಉಜ್ಜುತ್ತ ಗಂಟಿಲ್ಲದಂತೆ ಬೆರೆಸಿ. ಸಿಟ್ರಿಕ್ ಆಮ್ಲ ಕೊನೆಗೆ ಬರಲಿ. ಎಣ್ಣೆಯಲ್ಲೋ ಬಣ್ಣದಲ್ಲೋ ಚೂರು ತೇವವಿದ್ದರೂ ಅದನ್ನು ಸೋಡಾ ಮತ್ತು ಪಿಷ್ಟ ಮೊದಲೇ ಹೀರಿಕೊಂಡಿರುತ್ತವೆ.

ಇಷ್ಟಾದರೂ ಮಿಶ್ರಣ ಉಂಡೆಗೆ ಬರದಿದ್ದರೆ ಚಿಮುಕಿಸಲು ದ್ರವ ಬೇಕು. ನೀರಿಗಿಂತ ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಮೇಲು. ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸಲು ಬಳಸುವುದು ಇದನ್ನೇ. ಪುಡಿಯನ್ನು ಒದ್ದೆ ಮಾಡಿ ಒತ್ತಲು ನೆರವಾಗಿ, ಕ್ರಿಯೆಯನ್ನು ಕೆಣಕದೆ ಆರಿಹೋಗುತ್ತದೆ. ಶೇ 70ರದ್ದರಲ್ಲಿ ಉಳಿದ ಭಾಗ ನೀರು ಎಂಬುದನ್ನು ಮರೆಯಬಾರದು. ಕೈ ತೊಳೆಯುವ ಸ್ಯಾನಿಟೈಸರ್ ನಡೆಯುವುದಿಲ್ಲ. ಅದರಲ್ಲಿ ನೀರಿನ ಜೊತೆ ಗ್ಲಿಸರಿನ್‌ನಂಥ ಆರದ ವಸ್ತುಗಳೂ ಇರುತ್ತವೆ. ಆಲ್ಕೊಹಾಲ್ ಬೇಗ ಬೆಂಕಿ ಹಿಡಿಯುವ ವಸ್ತು. ಒಲೆ, ದೀಪ, ಊದುಬತ್ತಿ ಹತ್ತಿರ ಇರಬಾರದು, ಕಿಟಕಿ ತೆರೆದಿರಬೇಕು. ಅದು ಆರುವಾಗಲೂ ಕೈಗೆ ತಂಪು ಹತ್ತುತ್ತದೆ, ಅದಕ್ಕೆ ಹೆದರಬೇಕಿಲ್ಲ. ತಂಪಿನ ಜೊತೆಗೆ ಮಿಶ್ರಣ ಹಿಗ್ಗುತ್ತಿದ್ದರೆ ಮಾತ್ರ ಕೈ ನಿಲ್ಲಿಸಿ.

ಒಂದೇ ಕಡೆ ಸುರಿಯದೆ ಸ್ಪ್ರೇ ಬಾಟಲಿಯಿಂದ ಎರಡು ಸಲ ಚಿಮುಕಿಸುವುದು, ಕೈಯಾಡಿಸುವುದು, ಹಿಡಿದು ನೋಡುವುದು, ಮತ್ತೆ ಚಿಮುಕಿಸುವುದು. ಬೇಕಾದದ್ದು ರವೆ ಉಂಡೆ ಕಟ್ಟುವ ಹದ: ಮುಷ್ಟಿಯಲ್ಲಿ ಹಿಡಿದರೆ ಆಕಾರ ನಿಲ್ಲಬೇಕು, ಬೆರಳಿನಿಂದ ಒತ್ತಿದರೆ ತುಂಡಾಗಿ ಒಡೆಯಬೇಕು, ಅಂಗೈಗೆ ಅಂಟಬಾರದು.

ದೋಷ ಯಾವುದು, ಕಾರಣ ಎಲ್ಲಿ?

ಅಚ್ಚಿನಿಂದ ತೆಗೆಯುತ್ತಿದ್ದಂತೆ ಪುಡಿಯಾದರೆ ಮಿಶ್ರಣ ಒಣಗಿದೆ, ಇಲ್ಲವೇ ಒತ್ತಿದ್ದು ಸಾಲದು. ಮತ್ತೆ ಪಾತ್ರೆಗೆ ಸುರಿದು, ಎರಡು ಸಲ ಚಿಮುಕಿಸಿ, ಇನ್ನೊಮ್ಮೆ ತುಂಬಿ. ಒಣಗಿದ ಮಿಶ್ರಣವನ್ನು ಹೀಗೆ ಎಷ್ಟು ಸಲವಾದರೂ ಸರಿಮಾಡಬಹುದು. ಒದ್ದೆಯಾದದ್ದನ್ನು ಹಿಂದಕ್ಕೆ ತರುವುದು ಕಷ್ಟ. ಹಾಗಾಗಿ ತಪ್ಪುವುದಾದರೆ ಒಣಗಿದ ಕಡೆಗೆ ತಪ್ಪುವುದೇ ವಾಸಿ. ಹರಳು ದಪ್ಪವಾಗಿದ್ದರೂ ಹೀಗೇ ಉದುರುತ್ತದೆ. ಆಗ ಎಷ್ಟು ಚಿಮುಕಿಸಿದರೂ ಸುಖವಿಲ್ಲ, ಪುಡಿಯನ್ನೇ ನುಣ್ಣಗೆ ಮಾಡಬೇಕು.

ಅಚ್ಚಿಗೆ ಅಂಟಿಕೊಂಡರೆ ಮೊದಲು ಅಚ್ಚನ್ನು ನೋಡಿ. ಹಿಂದಿನ ಸಲದ ಪುಡಿ ಒಳಗೆ ಕೂತಿದ್ದರೆ ಹೊಸ ಉಂಡೆಯ ಮೈ ಅದಕ್ಕೆ ಹಿಡಿಯುತ್ತದೆ. ಒಣಬಟ್ಟೆಯಿಂದ ಒರೆಸಿ, ತುಂಬಿದ ಕೂಡಲೇ ಹೊರಗಿನಿಂದ ಚಮಚದಲ್ಲಿ ಮೆಲ್ಲಗೆ ತಟ್ಟಿ ಒಂದೊಂದೇ ಅರ್ಧವನ್ನು ಬಿಡಿಸಿ. ಬೇಗ ಗಟ್ಟಿಯಾಗಲೆಂದು ಫ್ರಿಜ್‌ನಲ್ಲಿ ಇಡುವ ಸಲಹೆ ಹಲವರು ಕೊಡುತ್ತಾರೆ. ತೇವದ ಊರಿನಲ್ಲಿ ಅದು ಕೆಡಿಸುವ ದಾರಿ. ತಣ್ಣಗಾದ ಅಚ್ಚನ್ನು ಹೊರಗೆ ತೆಗೆದ ಕೂಡಲೇ ಮೇಲೆಲ್ಲ ನೀರಹನಿ ಕೂರುತ್ತದೆ.

ಬಿರುಕುಗಳನ್ನು ಎಲ್ಲಿವೆ ಎಂದು ನೋಡಿ ಓದಬೇಕು. ನಡುವೆ ಸುತ್ತಲೂ ಒಂದು ಗೆರೆ ಬಿದ್ದಿದ್ದರೆ ಎರಡು ಅರ್ಧಗಳು ಬೆಸೆದಿಲ್ಲ. ಎರಡನ್ನೂ ಮೊದಲೇ ಗಟ್ಟಿಯಾಗಿ ಒತ್ತಿ, ಮೇಲ್ಮೈಯನ್ನು ಸಪಾಟು ಮಾಡಿ ಜೋಡಿಸಿದಾಗ ಹೀಗಾಗುತ್ತದೆ. ಪ್ರತಿ ಅರ್ಧದ ಮೇಲೂ ಸಡಿಲ ಪುಡಿಯನ್ನು ದಿಬ್ಬದಂತೆ ಬಿಟ್ಟು, ಎರಡನ್ನೂ ಒಂದೇ ಒತ್ತಿಗೆ ಸೇರಿಸಿ. ಅಚ್ಚಿನಲ್ಲಿದ್ದಾಗ ಚೆನ್ನಾಗಿದ್ದು, ಬಿಡಿಸಿದ ಸ್ವಲ್ಪ ಹೊತ್ತಿಗೆ ಬಾಯಿ ಬಿಟ್ಟರೆ ಒಳಗೆ ಅನಿಲ ಹುಟ್ಟಿ ಉಂಡೆ ಹಿಗ್ಗುತ್ತಿದೆ, ನೀರು ಹೆಚ್ಚಾಗಿದೆ. ಮೈಮೇಲೆ ಬಲೆಯಂಥ ಸಣ್ಣ ಸೀಳುಗಳಿದ್ದರೆ ಹೊರಮೈ ಒಳಗಿಗಿಂತ ಬೇಗ ಆರಿದೆ. ಫ್ಯಾನ್ ಕೆಳಗೋ ಬಿಸಿಲಲ್ಲೋ ಇಟ್ಟಿದ್ದರೆ ಜಾಗ ಬದಲಿಸಿ.

ಗುಳ್ಳೆ ಎದ್ದ ಉಂಡೆ ನೀರಿನ ಗುರುತನ್ನು ಮೈಮೇಲೇ ಹೊತ್ತಿರುತ್ತದೆ. ಹಿಗ್ಗುವಿಕೆ ಎಲ್ಲ ಕಡೆ ಸಮನಾಗಿದ್ದರೆ ಇಡೀ ಮಿಶ್ರಣ ಒದ್ದೆಯಾಗಿದೆ. ಅಲ್ಲಲ್ಲಿ ಮಾತ್ರ ಮೊಡವೆಯಂತೆ ಎದ್ದಿದ್ದರೆ ಆ ಜಾಗದಲ್ಲಿ ದ್ರವದ ಹನಿ ಬಿದ್ದಿದೆ, ಆಮ್ಲದ ಗಂಟು ಉಳಿದಿದೆ ಅಥವಾ ಎಪ್ಸಮ್ ಉಪ್ಪಿನ ಹರಳಿದೆ. ಮಾಡಿದ ದಿನ ಸರಿಯಿದ್ದು, ಎರಡು ಮೂರು ದಿನದ ಮೇಲೆ ಎದ್ದರೆ ಮಿಶ್ರಣದ ತಪ್ಪಲ್ಲ, ಗಾಳಿಯ ತೇವ.

ಒಣಗಿದ ಮೇಲೂ ಮೆತ್ತಗಿದ್ದು, ಬೆರಳಿನ ಗುರುತು ಬೀಳುತ್ತಿದ್ದರೆ ಎಣ್ಣೆ ಹೆಚ್ಚು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರಿನ ಮನೆಯಲ್ಲಿ ಕಲ್ಲಿನಂತಿದ್ದ ಉಂಡೆ ಏಪ್ರಿಲ್‌ನಲ್ಲಿ ಮೆತ್ತಗಾಗುವುದು ಹೀಗೆ. ಬೇಸಿಗೆಯಲ್ಲಿ ಎಣ್ಣೆಯ ಒಂದು ಭಾಗಕ್ಕೆ ಬದಲಾಗಿ ಕೋಕೋ ಬೆಣ್ಣೆ ಹಾಕಬಹುದು. ಅದು ಕರಗುವುದು 34 ಡಿಗ್ರಿಯ ಮೇಲೆ.

ನೀರಿಗೆ ಬಿಟ್ಟಾಗ ಮುಳುಗಿ ಮಂಕಾಗಿ ಕರಗಿದರೆ ಎರಡು ಸಾಧ್ಯತೆ. ಒಂದು, ಬಹಳ ಒತ್ತಿದ್ದೀರಿ. ಪುಡಿಯ ನಡುವಿನ ಸಣ್ಣ ಗಾಳಿಯ ಜಾಗಗಳು ಉಳಿದಷ್ಟೂ ಉಂಡೆ ತೇಲುತ್ತದೆ, ನೀರು ಒಳಗೆ ಬೇಗ ಇಳಿಯುತ್ತದೆ. ಇನ್ನೊಂದು, ನೊರೆ ಆಗಲೇ ಖರ್ಚಾಗಿದೆ. ಮಾಡುವಾಗ ಅಥವಾ ಒಣಗುವಾಗ ಅರ್ಧ ಕ್ರಿಯೆ ಮುಗಿದ ಉಂಡೆ ನೋಡಲು ಚೆನ್ನಾಗಿಯೇ ಇರುತ್ತದೆ. ಬೇರೆ ಮಾಡಿ ತಿಳಿಯಲು ಒಂದು ಸಣ್ಣ ಚೂರನ್ನು ಮುರಿದು, ಪುಡಿಮಾಡಿ, ಲೋಟದ ಬೆಚ್ಚಗಿನ ನೀರಿಗೆ ಹಾಕಿ. ಪುಡಿ ಜೋರಾಗಿ ಬುಸುಗುಟ್ಟಿದರೆ ತಪ್ಪು ಒತ್ತಿದ್ದರಲ್ಲಿ. ಪುಡಿಯೂ ಮಂಕಾಗಿದ್ದರೆ ಆಮ್ಲ ಸತ್ತಿದೆ. ಇದಕ್ಕೆ ವಿರುದ್ಧವಾಗಿ, ಉಂಡೆ ಕ್ಷಣದಲ್ಲೇ ಕರಗಿಹೋದರೆ ಕಾರ್ನ್‌ಫ್ಲೋರ್ ಸ್ವಲ್ಪ ಹೆಚ್ಚಿಸಿ, ಇನ್ನಷ್ಟು ಗಟ್ಟಿಯಾಗಿ ಒತ್ತಿ.

ನೀರಿನ ಮೇಲೆ ಎಣ್ಣೆಯ ಕಣ್ಣು ತೇಲಿದರೆ, ಟಬ್ಬಿನ ಅಂಚಿಗೆ ಬಣ್ಣದ ಗೆರೆ ಹಿಡಿದರೆ ಪಾಲಿಸಾರ್ಬೇಟ್ 80 ಎಂಬ ದ್ರವವನ್ನು ಎಣ್ಣೆಯ ಜೊತೆ ಬೆರೆಸುತ್ತಾರೆ. ಎಣ್ಣೆಯನ್ನು ನೀರಿನಲ್ಲಿ ಸಣ್ಣ ಸಣ್ಣ ಹನಿಯಾಗಿ ಹರಡುವುದು ಅದರ ಕೆಲಸ. ಮೇಲಿನ ಅಳತೆಗೆ ಒಂದು ಚಮಚ ಸಾಕು. ಅದನ್ನು ಹಾಕಿದರೂ ನೆಲ ಜಾರುವುದು ತಪ್ಪುವುದಿಲ್ಲ.

ಬಣ್ಣದ ಕಣ್ಣಾಮುಚ್ಚಾಲೆ

ಅಡುಗೆಮನೆಯ ಬಣ್ಣಗಳು ಬಾತ್ ಬಾಂಬ್‌ನಲ್ಲಿ ಅಂದುಕೊಂಡಂತೆ ನಡೆದುಕೊಳ್ಳುವುದಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದು ಎಲ್ಲರಿಗೂ ಗೊತ್ತು. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಸುಣ್ಣದಷ್ಟು ಜೋರಿಲ್ಲದಿದ್ದರೂ ಸೋಡಾವೂ ಕ್ಷಾರವೇ, ಆದ್ದರಿಂದ ಹಳದಿ ನೀರು ಕೆಂಪು ಛಾಯೆಗೆ ತಿರುಗಬಹುದು. ದಾಸವಾಳದ ಪುಡಿ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ ಹಸಿರು. ಶಂಖಪುಷ್ಪ ಹುಳಿ ಸಿಕ್ಕರೆ ನೇರಳೆಯಾಗುತ್ತದೆ. ಗುಲಾಬಿ ಬಣ್ಣ ಬೇಕೆಂದು ದಾಸವಾಳ ಹಾಕಿದವರಿಗೆ ಕೊನೆಗೆ ಬೂದುಗಪ್ಪು ನೀರು ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಬಣ್ಣ ಕೂಡಿಸುವ ಮೊದಲು ಒಂದು ಚಿಟಿಕೆಯನ್ನು ಸೋಡಾ ನೀರಿನಲ್ಲಿ ಕದಡಿ ನೋಡಿದರೆ ಉತ್ತರ ಸಿಗುತ್ತದೆ. ಸೌಂದರ್ಯಸಾಧನಕ್ಕೆಂದೇ ಮಾರುವ ಮೈಕಾ ಪುಡಿಗೆ ಈ ಚಂಚಲ ಬುದ್ಧಿಯಿಲ್ಲ. ಅಡುಗೆಯ ದ್ರವ ಬಣ್ಣದಲ್ಲಿ ನೀರಿರುವುದರಿಂದ ಅದು ಬೇಡ.

ವೆನಿಲ್ಲಾ ಪರಿಮಳದ ಉಂಡೆ ದಿನ ಕಳೆದಂತೆ ಕಂದಾಗುತ್ತದೆ. ಅದು ಕೆಟ್ಟಿದ್ದಲ್ಲ, ವೆನಿಲಿನ್ ಎಂಬ ಅಂಶದ ಗುಣ. ಸುಗಂಧ ತೈಲ ಒಟ್ಟು ತೂಕದ ಶೇ 1ರ ಒಳಗಿರಲಿ. ದಾಲ್ಚಿನ್ನಿ, ಲವಂಗದ ತೈಲಗಳು ಚರ್ಮ ಉರಿಸುತ್ತವೆ, ಅವನ್ನು ಬಿಡುವುದೇ ಕ್ಷೇಮ. ಹೂವಿನ ಎಸಳು ಹಾಕುವುದಾದರೆ ಗರಿಗರಿ ಒಣಗಿರಬೇಕು. ಹಸಿ ಎಸಳು ನೀರನ್ನು ಒಳಗೆ ತರುತ್ತದೆ, ಬೂಷ್ಟು ಹಿಡಿಯುತ್ತದೆ, ಮೋರಿಯನ್ನೂ ಕಟ್ಟುತ್ತದೆ.

ಊರು, ಋತು, ಡಬ್ಬಿ

ಒಂದೇ ಅಳತೆ ಕಲಬುರಗಿಯಲ್ಲಿ ಗೆದ್ದು ಮಂಗಳೂರಿನಲ್ಲಿ ಸೋಲಬಹುದು. ಕರಾವಳಿಯ ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ 80 ದಾಟುವುದು ಮಾಮೂಲು. ಅಂಥ ದಿನ ನೀರು ಹಾಕದೆ ಕಲಸಿದರೂ ಗಾಳಿಯೇ ನೀರು ಹಾಕುತ್ತದೆ. ಮಾಡಲೇಬೇಕೆಂದರೆ ಎ.ಸಿ. ಇರುವ ಕೋಣೆಯಲ್ಲಿ ಕಿಟಕಿ ಮುಚ್ಚಿ, ಶೇ 99ರ ಆಲ್ಕೊಹಾಲ್ ಬಳಸಿ, ಎಪ್ಸಮ್ ಉಪ್ಪು ಬಿಟ್ಟು ಮಾಡಿ. ಕಿಟಕಿ ಮುಚ್ಚಿದಾಗ ಆಲ್ಕೊಹಾಲ್ ಬಹಳ ಕಡಿಮೆ ಇರಲಿ, ಆಗಾಗ ಹೊರಗೆ ಹೋಗಿ ಗಾಳಿ ತೆಗೆದುಕೊಳ್ಳಿ. ತೇವಾಂಶ ಅಳೆಯುವ ಪುಟ್ಟ ಮೀಟರ್ ಕೊಂಡರೆ ಊಹೆಯ ಕೆಲಸ ತಪ್ಪುತ್ತದೆ. ಮುಳ್ಳು ಶೇ 50ರ ಕೆಳಗಿದ್ದರೆ ನಿರಾಳ. ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ತೊಂದರೆ ಉಲ್ಟಾ: ಮೊದಲ ಉಂಡೆ ತುಂಬುವಷ್ಟರಲ್ಲಿ ಉಳಿದ ಮಿಶ್ರಣ ಆರಿ ಉದುರತೊಡಗುತ್ತದೆ. ಅಲ್ಲಿ ಒಮ್ಮೆಗೆ ಸ್ವಲ್ಪವೇ ಕಲಸಿ, ಪಾತ್ರೆಗೆ ತಟ್ಟೆ ಮುಚ್ಚಿಡಬೇಕು.

ಬಿಡಿಸಿದ ಉಂಡೆ ಒಂದೆರಡು ದಿನ ನೆರಳಲ್ಲಿ ಆರಲಿ. ಮಡಚಿದ ಮೆತ್ತನೆ ಬಟ್ಟೆಯ ಮೇಲಿಟ್ಟರೆ ಅಡಿ ಚಪ್ಪಟೆಯಾಗುವುದಿಲ್ಲ. ಚೆನ್ನಾಗಿ ಆರಿದ ಮೇಲೆ ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಹಸಿಯಿದ್ದಾಗಲೇ ಮುಚ್ಚಿದರೆ ಒಳಗೆ ಅನಿಲ ತುಂಬಿ ಮುಚ್ಚಳ ಹಾರಬಹುದು. ಗಾಜಿನ ಭರಣಿಯಲ್ಲಂತೂ ಇಡಲೇಬಾರದು. ಬಚ್ಚಲುಮನೆಯ ಶೆಲ್ಫ್ ಚೆಂದ ಕಂಡರೂ ಮನೆಯಲ್ಲಿ ಅತಿ ಹೆಚ್ಚು ತೇವವಿರುವ ಜಾಗ ಅದೇ.

ಬಕೆಟ್ ಸ್ನಾನದವರಿಗೆ

ಟಬ್ ಇಲ್ಲದ ಮನೆಗೆ ದೊಡ್ಡ ಉಂಡೆ ವ್ಯರ್ಥ. ಲಿಂಬೆ ಗಾತ್ರದ, 20ರಿಂದ 30 ಗ್ರಾಂ ತೂಕದ ಉಂಡೆಗಳು ಸಾಕು. ಬೇಸಿನ್ನಿನಲ್ಲಿ ಬೆಚ್ಚಗಿನ ನೀರಿಟ್ಟು ಕಾಲು ನೆನೆಸಲು ಇವು ಹೇಳಿ ಮಾಡಿಸಿದಂತಿವೆ. ಎಣ್ಣೆ ಅರ್ಧಕ್ಕಿಳಿಸಿ, ಇಲ್ಲದಿದ್ದರೆ ಎದ್ದು ನಿಂತಾಗ ನೆಲ ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಗಾಯ, ಕಜ್ಜಿ ಇರುವವರಿಗೆ, ಮೂತ್ರದ ಸೋಂಕು ಪದೇಪದೇ ಕಾಡುವವರಿಗೆ, ಚಿಕ್ಕ ಮಕ್ಕಳಿಗೆ ಬೇಡ. ಮಿಠಾಯಿಯಂತೆ ಕಾಣುವುದರಿಂದ ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಕೆಟ್ಟದ್ದೂ ದಂಡವಲ್ಲ

ಬಿರಿದ, ಉದುರಿದ ಉಂಡೆಯನ್ನು ಪುಡಿಮಾಡಿ ಡಬ್ಬಿಗೆ ಹಾಕಿದರೆ ಅದೇ ಕಾಲು ನೆನೆಸುವ ಪುಡಿ. ನೊರೆಗೆ ಆಕಾರ ಬೇಕಿಲ್ಲ. ನೊರೆ ಸತ್ತದ್ದರಲ್ಲೂ ಸೋಡಾ ಮಿಕ್ಕಿರುತ್ತದೆ. ಅದನ್ನು ಬಚ್ಚಲಿನ ಸಿಂಕ್ ಉಜ್ಜಲು ಬಳಸಬಹುದು. ಆದರೆ ಹುಳಿ ಉಳಿದಿರುವ ಪುಡಿಯನ್ನು ಅಮೃತಶಿಲೆಯ ಮೇಲೆ ಹಾಕಬೇಡಿ, ಕಲ್ಲಿನ ಹೊಳಪು ಹೋಗುತ್ತದೆ.

ಮುಂದಿನ ಸಲ ಕಲಸುವಾಗ ಒಂದು ಸಂಗತಿಯನ್ನು ಮಾತ್ರ ಬದಲಿಸಿ. ಆಮ್ಲ, ಎಣ್ಣೆ, ಅಚ್ಚು ಮೂರನ್ನೂ ಒಟ್ಟಿಗೆ ಬದಲಿಸಿದರೆ ಗೆದ್ದರೂ ಸೋತರೂ ಕಾರಣ ಗೊತ್ತಾಗುವುದಿಲ್ಲ. ಸಾಮಗ್ರಿಯ ತೂಕ, ಎಷ್ಟು ಸಲ ಚಿಮುಕಿಸಿದ್ದು, ಅಂದಿನ ತೇವಾಂಶ, ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಡಿ. ನಿಮ್ಮ ಊರಿನ ಗಾಳಿಗೆ, ನಿಮ್ಮ ಅಂಗಡಿಯ ಪುಡಿಗೆ ಹೊಂದುವ ಅಳತೆ ಆ ಸಾಲುಗಳಲ್ಲೇ ಸಿಗುತ್ತದೆ.